ಶಾಸ್ತ್ರದಾನಿ ಸಾಹು ಶಾಂತಿಪ್ರಸಾದ ಜೈನರು

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕನ ಕರ್ತವ್ಯಗಳೆಂದು ಪೂರ್ವಾಚಾರ್ಯರು ವಿಧಿಸಿದ್ದಾರೆ. ಇವುಗಳಲ್ಲಿ ಮೊದಲಿನ ಮೂರರ ಫಲವು ಕೊಟ್ಟವನ ಕಣ್ಣೆದುರಿಗೇ ಕಾಣುತ್ತದೆ. ಹಸಿದವನು ಉಂಡು ತಣಿಯುತ್ತಾನೆ, ರೋಗಿಯು ಎದ್ದು ನಡೆಯುತ್ತಾನೆ, ಅಂಜಿದವನು ನಿಶ್ಚಿಂತನಾಗುತ್ತಾನೆ. ಶಾಸ್ತ್ರದಾನದ ಫಲವಾದರೋ ದಾನಿಯ ಕಾಲದಲ್ಲಿಯೇ ಗೋಚರಿಸುವುದು ಅಪರೂಪ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಾಗ, ಆ ಓಲೆಗಳನ್ನು ಎಷ್ಟು ಶತಮಾನಗಳ ಬಳಿಕ ಯಾರು ಬಿಚ್ಚಿ ಓದುವರೆಂಬುದು ಆ ಮಹಾತಾಯಿಗೆ ತಿಳಿದಿರಲಾರದು.

ಕಂಪ್ಲಿಯಿಂದ ಬುಕ್ಕಸಾಗರದ ಮೇಲೆ ಕಮಲಾಪುರಕ್ಕೆ ಸಾಗುವ ಯಾತ್ರಿಕರು ಹಂಪೆಯ ಕೋಟೆಯೊಳಗೆ ದಾರಿಯ ಮಗ್ಗುಲಲ್ಲಿಯೇ ಗಾಣಗಿತ್ತಿ ಬಸದಿಯನ್ನು ಕಾಣುತ್ತಾರೆ. ಅದರ ಮುಂದಿನ ಮಾನಸ್ತಂಭದ ಶಾಸನವು, ಎರಡನೆಯ ಹರಿಹರರಾಯನ ದಂಡನಾಯಕನೂ ಸಿಂಹನಂದಿ ಮುನಿಗಳ ಶಿಷ್ಯನೂ ಆದ ಇರುಗಪ್ಪನು 1385ರಲ್ಲಿ ಕುಂಥು ಜಿನನಾಥನಿಗೆ ಆ ಚೈತ್ಯಾಲಯವನ್ನು ಕಟ್ಟಿಸಿದನೆಂದು ಸಾರುತ್ತದೆ. ಬಸದಿಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಇರುಗಪ್ಪ ದಂಡನಾಯಕನು ನಾನಾರ್ಥರತ್ನಮಾಲೆಯೆಂಬ ಸಂಸ್ಕೃತ ನಿಘಂಟನ್ನು ರಚಿಸಿದನೆಂಬ ಸಂಗತಿ ಮಾತ್ರ ವಿದ್ವಾಂಸರ ವಲಯವನ್ನು ದಾಟಿ ಬಂದಿಲ್ಲ. ಕಲ್ಲಿಗೆ ಕೊಟ್ಟ ಹಣವು ಹೆಸರನ್ನು ತರುವಷ್ಟು ಬೇಗ ಗ್ರಂಥಕ್ಕೆ ಕೊಟ್ಟ ಹಣವು ತರಲಾರದು. ಹೀಗಿದ್ದೂ ಇಪ್ಪತ್ತನೆಯ ಶತಮಾನದಲ್ಲಿ ತನ್ನ ಸಂಪತ್ತಿನ ಬಹುಭಾಗದ ಕೀರ್ತಿಯನ್ನು ಗ್ರಂಥಗಳಲ್ಲಿಯೇ ಹೂಡಿದ ಒಬ್ಬ ವರ್ತಕ ಶ್ರಾವಕರು ಇದ್ದರು. ಅವರೇ ಭಾರತೀಯ ಜ್ಞಾನಪೀಠದ ಸಂಸ್ಥಾಪಕರಾದ ಸಾಹು ಶಾಂತಿಪ್ರಸಾದ ಜೈನರು.

ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ನಜೀಬಾಬಾದ್ ಎಂಬ ಊರಿನಲ್ಲಿ, ದಿಗಂಬರ ಜೈನ ಸಂಪ್ರದಾಯದ ಸಂಪನ್ನ ಮನೆತನವೊಂದರಲ್ಲಿ, 1911ನೆಯ ಇಸವಿಯಲ್ಲಿ ಅವರ ಜನನವಾಯಿತು. ಸಾಹು ಎಂಬುದು ಮನೆತನಕ್ಕೆ ಬಂದ ಬಿರುದು. ನಮ್ಮ ಕಡೆಯ ಶೆಟ್ಟಿ, ಸಾಹುಕಾರ ಎಂಬ ಶಬ್ದಗಳಿಗೆ ಸಮಾನವಾದುದು. ತಂದೆ ದಿವಾನ್ ಸಿಂಹರು, ತಾಯಿ ಮೂರ್ತಿದೇವಿ. ಈ ತಾಯಿಯ ಹೆಸರು ಮುಂದೆ ನೂರಾರು ಗ್ರಂಥಗಳ ಮೊದಲ ಪುಟವನ್ನು ಅಲಂಕರಿಸಲಿತ್ತು. ಶಾಂತಿಪ್ರಸಾದರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಆಗ್ರಾ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ ವಿಜ್ಞಾನದ ಪದವಿಯನ್ನು ಪಡೆದರು. ವರ್ತಕ ಕುಲದ ತರುಣನು ವಿಜ್ಞಾನವನ್ನು ಓದುವುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಆ ಶಿಕ್ಷಣವು ವ್ಯರ್ಥವಾಗದೆ ಅವರ ಮುಂದಿನ ಉದ್ಯಮಗಳಲ್ಲಿ ಒದಗಿಬಂತು.

ಆಗಿನ ಪ್ರಸಿದ್ಧ ಉದ್ಯಮಪತಿಗಳಾದ ಸೇಠ್ ರಾಮಕೃಷ್ಣ ದಾಲ್ಮಿಯಾರವರ ಪುತ್ರಿ ರಮಾ ಅವರೊಂದಿಗೆ ಶಾಂತಿಪ್ರಸಾದರ ವಿವಾಹವಾಯಿತು. ಬಿಹಾರದ ಸೋನ್ ನದಿಯ ದಡದಲ್ಲಿ, ಡೆಹ್ರಿಯ ಬಳಿ, ದಾಲ್ಮಿಯಾನಗರವೆಂಬ ಹೊಸ ಕೈಗಾರಿಕಾ ಪಟ್ಟಣವು ಮೂವತ್ತರ ದಶಕದಲ್ಲಿ ತಲೆಯೆತ್ತಿತು. ಅಲ್ಲಿನ ರೋಹ್ತಾಸ್ ಇಂಡಸ್ಟ್ರೀಸ್ ಸಕ್ಕರೆಯಿಂದ ಆರಂಭಿಸಿ ಸಿಮೆಂಟು, ಕಾಗದ, ರಾಸಾಯನಿಕಗಳವರೆಗೆ ಬೆಳೆಯಿತು. ಅಳಿಯಂದಿರು ಈ ಬೆಳವಣಿಗೆಯಲ್ಲಿ ಮಾವನವರಿಗೆ ಬಲಗೈಯಾದರು. 1948ರಲ್ಲಿ ದಾಲ್ಮಿಯಾ-ಜೈನ್ ಸಮೂಹವು ವಿಭಾಗವಾದಾಗ ರೋಹ್ತಾಸ್ ಮೊದಲಾದ ಕಾರ್ಖಾನೆಗಳು ಶಾಂತಿಪ್ರಸಾದರ ಪಾಲಿಗೆ ಬಂದವು. ದಾಲ್ಮಿಯಾರವರು 1946ರಲ್ಲಿ ಕೊಂಡಿದ್ದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆತನದ ಕಂಪನಿಯೂ ಐವತ್ತರ ದಶಕದಲ್ಲಿ ಅವರ ಕೈಸೇರಿತು. ಇಕನಾಮಿಕ್ ಟೈಮ್ಸ್ ಎಂಬ ವ್ಯಾಪಾರ ವಿಷಯಕವಾದ ದಿನಪತ್ರಿಕೆಯು 1961ರಲ್ಲಿ ಪ್ರಾರಂಭವಾದುದು ಅವರ ಕಾಲದಲ್ಲಿಯೇ. ವ್ಯಾಪಾರದ ಈ ವಿಸ್ತಾರವನ್ನು ಇನ್ನಷ್ಟು ವರ್ಣಿಸುವುದು ಇಲ್ಲಿ ಅನಾವಶ್ಯಕ. ಗಿರಣಿಗಳನ್ನು ಕಟ್ಟಿದವರು ದೇಶದಲ್ಲಿ ಬಹುಮಂದಿ ಇದ್ದಾರೆ.

1943ರ ಕೊನೆ ಮತ್ತು 1944ರ ಆರಂಭದ ಸಂಧಿಯಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಅಧಿವೇಶನವು ಕಾಶಿಯಲ್ಲಿ ಜರುಗಿತು. ಸಂಸ್ಕೃತ, ಪ್ರಾಕೃತ, ಪಾಲಿ, ಅಪಭ್ರಂಶ ಭಾಷೆಗಳ ಅಸಂಖ್ಯ ಗ್ರಂಥಗಳು ಭಂಡಾರಗಳಲ್ಲಿ ಹುಳುಗಳಿಗೆ ಆಹಾರವಾಗುತ್ತಿರುವ ವಿಷಯವನ್ನು ಅಲ್ಲಿ ನೆರೆದ ಪಂಡಿತರು ಚರ್ಚಿಸಿದರು. ಇಂತಹ ಚರ್ಚೆಗಳು ಸಾಮಾನ್ಯವಾಗಿ ನಿರ್ಣಯದಲ್ಲಿ ಆರಂಭವಾಗಿ ನಿರ್ಣಯದಲ್ಲಿಯೇ ಮುಗಿಯುತ್ತವೆ. ಈ ಸಲ ಹಾಗಾಗಲಿಲ್ಲ. 1944ರ ಫೆಬ್ರವರಿ 18ರಂದು ಕಾಶಿಯಲ್ಲಿ ಭಾರತೀಯ ಜ್ಞಾನಪೀಠವು ಸ್ಥಾಪಿತವಾಯಿತು. ಸಂಸ್ಥಾಪಕರಿಗೆ ಆಗ ವಯಸ್ಸು ಮೂವತ್ತೆರಡು. ಶ್ರೀಮತಿ ರಮಾ ಜೈನರು ಪ್ರಥಮ ಅಧ್ಯಕ್ಷೆಯಾದರು. ಲುಪ್ತವೂ ದುರ್ಲಭವೂ ಅಪ್ರಕಟಿತವೂ ಆದ ಪ್ರಾಚೀನ ವಾಙ್ಮಯವನ್ನು ಶೋಧಿಸಿ ಪ್ರಕಟಿಸುವುದು, ಲೋಕಹಿತಕಾರಿಯಾದ ಹೊಸ ಸಾಹಿತ್ಯವನ್ನು ಪ್ರೋತ್ಸಾಹಿಸುವುದು ಎಂಬ ಎರಡು ಉದ್ದೇಶಗಳನ್ನು ಸಂಸ್ಥೆಯು ಇಟ್ಟುಕೊಂಡಿತು. ಮಹಾಯುದ್ಧವು ಇನ್ನೂ ನಡೆಯುತ್ತಿದ್ದು, ಕಾಗದದ ಮೇಲೆ ಸರ್ಕಾರದ ಹತೋಟಿ ಬಂದಿದ್ದ ಕಾಲವದು. ಪುಸ್ತಕಗಳನ್ನು ಅಚ್ಚು ಹಾಕುವ ಸಂಸ್ಥೆಯೊಂದನ್ನು ಅಂಥ ಸಮಯದಲ್ಲಿ ತೆರೆಯಲು ಧೈರ್ಯವೇ ಬೇಕಾಗಿತ್ತು.

ವ್ಯಾಪಾರಸ್ಥರು ಇಲ್ಲಿ ಗಮನಿಸಬೇಕಾದ ಒಂದು ವಿಷಯವುಂಟು. ಅಂಗಡಿಯ ಲಾಭದಿಂದ ಆಗಾಗ ಚಂದಾ ಕೊಡುವುದು ಒಂದು ರೀತಿ. ಲಾಭವಿಲ್ಲದ ವರ್ಷ ಆ ಚಂದಾ ನಿಲ್ಲುತ್ತದೆ. ಮಗನ ಕಾಲಕ್ಕೆ ಪೂರ್ತಿಯಾಗಿ ನಿಲ್ಲುತ್ತದೆ. ಮೂಲಧನವನ್ನು ವಿಶ್ವಸ್ತ ನಿಧಿಯಾಗಿ ಪತ್ರಮುಖೇನ ಬೇರ್ಪಡಿಸಿ, ಅದಕ್ಕೆ ಧರ್ಮದರ್ಶಿಗಳನ್ನು ನೇಮಿಸಿ, ಉದ್ದೇಶವನ್ನು ಬರೆದಿಡುವುದು ಇನ್ನೊಂದು ರೀತಿ. ಹಾಗೆ ಬೇರ್ಪಡಿಸಿದ ಹಣವು ದಾನಿಯ ಸ್ವತ್ತಾಗಿ ಉಳಿಯದು, ಮಕ್ಕಳಿಗೆ ಪಾಲಾಗಿ ಹೋಗದು, ವ್ಯಾಪಾರವು ಮುಳುಗಿದರೆ ಸಾಲಗಾರರ ಕೈಗೆ ಸಿಗದು. ಪರಿಗ್ರಹ ಪರಿಮಾಣ ವ್ರತವನ್ನು ಕಾನೂನಿನ ಭಾಷೆಯಲ್ಲಿ ಬರೆದರೆ ಹೀಗೆಯೇ ಇರುತ್ತದೆಯೆನ್ನಬಹುದು. ಸಾಹು ಜೈನ್ ಟ್ರಸ್ಟು, ಭಾರತೀಯ ಜ್ಞಾನಪೀಠ ಇವೆರಡನ್ನೂ ಶಾಂತಿಪ್ರಸಾದರು ಈ ಎರಡನೆಯ ರೀತಿಯಲ್ಲಿ ಕಟ್ಟಿದರು. ಅಷ್ಟೇ ಅಲ್ಲ, ಯಾವ ಗ್ರಂಥವು ಅಚ್ಚಿಗೆ ಯೋಗ್ಯ, ಯಾವ ಪಾಠವು ಶುದ್ಧ ಎಂಬ ತೀರ್ಮಾನವನ್ನು ಪಂಡಿತರಿಗೆ ಒಪ್ಪಿಸಿದರು. ನ್ಯಾಯಾಚಾರ್ಯ ಪಂಡಿತ ಮಹೇಂದ್ರಕುಮಾರರು ಆರಂಭದ ವರ್ಷಗಳಲ್ಲಿ ಕಾಶಿಯ ಕಾರ್ಯಾಲಯದ ಭಾರವನ್ನು ಹೊತ್ತರು. ಅಕಲಂಕದೇವರ ನ್ಯಾಯಗ್ರಂಥಗಳು ಅವರ ಸಂಪಾದನೆಯಲ್ಲಿ ಬೆಳಕು ಕಂಡವು. ಶ್ರೀ ಲಕ್ಷ್ಮೀಚಂದ್ರ ಜೈನರು ದಶಕಗಳ ಕಾಲ ಕಾರ್ಯದರ್ಶಿಗಳಾಗಿ ದುಡಿದರು. ಹಣ ಕೊಟ್ಟವನೇ ಪಾಂಡಿತ್ಯದಲ್ಲಿಯೂ ಕೈಯಾಡಿಸುವ ಚಾಪಲ್ಯವು ಅನೇಕ ಒಳ್ಳೆಯ ಕಾರ್ಯಗಳನ್ನು ಕೆಡಿಸಿರುವುದನ್ನು ಬಲ್ಲವರು ಇದರ ಬೆಲೆಯನ್ನು ಅರಿಯುವರು.

ದಿವಂಗತ ತಾಯಿಯವರ ಸ್ಮರಣಾರ್ಥವಾಗಿ ಮೂರ್ತಿದೇವಿ ಜೈನ ಗ್ರಂಥಮಾಲೆಯು ಆರಂಭವಾಯಿತು. ಪ್ರಾಕೃತ, ಸಂಸ್ಕೃತ, ಅಪಭ್ರಂಶಗಳ ಜೊತೆಗೆ ಕನ್ನಡ ಮತ್ತು ತಮಿಳು ಭಾಷೆಗಳ ಪ್ರಾಚೀನ ಜೈನ ಸಾಹಿತ್ಯವೂ ಅದರ ವ್ಯಾಪ್ತಿಯಲ್ಲಿ ಸೇರಿತ್ತು. ಉತ್ತರ ಹಿಂದೂಸ್ಥಾನದ ಒಬ್ಬ ಉದ್ಯಮಪತಿಯ ಸಂಸ್ಥೆಯು ಮೊದಲ ಹೆಜ್ಜೆಗಳಲ್ಲಿಯೇ ಕರ್ನಾಟಕಕ್ಕೆ ಬಂದುದಕ್ಕೆ ಕಾರಣವಿದೆ. ದಿಗಂಬರ ಆಮ್ನಾಯದ ಮೂಲಾಗಮಗಳೆನಿಸಿದ ಸಿದ್ಧಾಂತ ಗ್ರಂಥಗಳು ಸಮಸ್ತ ಭಾರತದಲ್ಲಿ ಒಂದೇ ಒಂದು ಸ್ಥಳದಲ್ಲಿ ಉಳಿದಿದ್ದವು. ಅದು ಮೂಡಬಿದ್ರೆಯ ಸಿದ್ಧಾಂತ ಬಸದಿ. ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದು ಪುಷ್ಪದಂತ ಭೂತಬಲಿ ಮುನಿಗಳು ರಚಿಸಿದ ಷಟ್ಖಂಡಾಗಮವು ಅಲ್ಲಿ ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಇದ್ದಿತು. ಶತಮಾನಗಳ ಪರ್ಯಂತ ಯಾತ್ರಿಕರು ಆ ಕಟ್ಟುಗಳಿಗೆ ದೂರದಿಂದ ಕೈಮುಗಿದು ಮರಳುತ್ತಿದ್ದರೇ ಹೊರತು ಓದಿದವರಿರಲಿಲ್ಲ.

ಮೊದಲ ಐದು ಖಂಡಗಳು ವೀರಸೇನಾಚಾರ್ಯರ ಧವಲಾ ಟೀಕೆಯೊಂದಿಗೆ ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ 1939ರಿಂದ ಮುದ್ರಣಗೊಳ್ಳತೊಡಗಿದ್ದವು. ಆರನೆಯ ಖಂಡವಾದ ಮಹಾಬಂಧವು ಸ್ವತಂತ್ರ ಗ್ರಂಥದಷ್ಟು ವಿಸ್ತಾರವಾದುದು. ಅದು ಇನ್ನೂ ಓಲೆಯಲ್ಲಿಯೇ ಇದ್ದಿತು. ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿ ವ್ರತದ ಉದ್ಯಾಪನೆಯ ನಿಮಿತ್ತವಾಗಿ ಆ ಓಲೆಯ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಆ ಒಂದು ಪ್ರತಿಯನ್ನು ಅವಳು ಬರೆಯಿಸದೆ ಇದ್ದಿದ್ದರೆ ಭೂತಬಲಿ ಆಚಾರ್ಯರ ಈ ಮಹಾಕೃತಿಯ ಹೆಸರು ಮಾತ್ರ ಉಳಿಯುತ್ತಿತ್ತು. ಓಲೆಯ ಅಕ್ಷರವನ್ನು ನಾಗರಿಗೆ ಇಳಿಸಿ, ಹಿಂದೀ ಅನುವಾದದೊಂದಿಗೆ, ಪಂಡಿತ ಸುಮೇರುಚಂದ್ರ ದಿವಾಕರರು ಸಂಪಾದಿಸಿದ ಮೊದಲ ಸಂಪುಟವನ್ನು ಜ್ಞಾನಪೀಠವು 1947ರಲ್ಲಿ ಹೊರತಂದಿತು. ಉಳಿದವುಗಳನ್ನು ಪಂಡಿತ ಫೂಲಚಂದ್ರ ಸಿದ್ಧಾಂತಶಾಸ್ತ್ರಿಗಳು ಸಂಪಾದಿಸಿದರು. ಒಟ್ಟು ಏಳು ಸಂಪುಟಗಳು ಮುಗಿಯುವ ಹೊತ್ತಿಗೆ 1958 ಆಗಿತ್ತು. ಮಾರಾಟದಿಂದ ಅಸಲು ಕೂಡ ಹುಟ್ಟದ ಇಂತಹ ಗ್ರಂಥಕ್ಕೆ ಹನ್ನೊಂದು ವರ್ಷಗಳ ಕಾಲ ಕೈಬಿಗಿಹಿಡಿಯದೆ ಹಣ ಒದಗಿಸಿದುದು ಶಾಂತಿಪ್ರಸಾದ ದಂಪತಿಗಳ ಹೆಚ್ಚಳ. ಮೂಡಬಿದ್ರೆಯ ಮಲ್ಲಿಕಬ್ಬೆಯ ಓಲೆಗೂ ನಜೀಬಾಬಾದಿನ ಮೂರ್ತಿದೇವಿಯವರ ಮುದ್ರಿತ ಗ್ರಂಥಕ್ಕೂ ನಡುವಿನ ಅಂತರವು ಅನೇಕ ಶತಮಾನಗಳಾದರೂ ದಾನವು ಒಂದೇ ಜಾತಿಯದು.

ಅದೇ ಸುಮಾರಿಗೆ, 1948ರಲ್ಲಿ, ಕನ್ನಡ ನಾಡಿಗೆ ಮತ್ತಷ್ಟು ಹತ್ತಿರವಾದ ಇನ್ನೊಂದು ಗ್ರಂಥ ಬಂದಿತು. ಮೂಡಬಿದ್ರೆಯ ವಿದ್ಯಾಭೂಷಣ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯೇ ಅದು. ಮೂಡಬಿದ್ರೆಯ ಜೈನಮಠ, ಜೈನಭವನ, ಸಿದ್ಧಾಂತ ಬಸದಿ, ಹಾಗೆಯೇ ಕಾರ್ಕಳ ಮತ್ತು ಅಲಿಯೂರುಗಳ ಭಂಡಾರಗಳಲ್ಲಿದ್ದ ಓಲೆಗಳನ್ನು ಒಂದೊಂದಾಗಿ ಬಿಚ್ಚಿ, ಧೂಳು ಒರೆಸಿ, ಗ್ರಂಥ, ಕರ್ತೃ, ಭಾಷೆ, ವಿಷಯಗಳನ್ನು ಗುರುತಿಸಿದ ಪಟ್ಟಿಯಿದು. ಪಟ್ಟಿಯನ್ನು ಓದಿ ಯಾರೂ ಆನಂದಬಾಷ್ಪ ಸುರಿಸುವುದಿಲ್ಲ. ಆದರೆ ಅಂಗಡಿಯಲ್ಲಿ ಸರಕು ಏನಿದೆಯೆಂಬ ದಾಸ್ತಾನು ಪುಸ್ತಕವಿಲ್ಲದೆ ವ್ಯಾಪಾರ ಹೇಗೆ ಸಾಗದೋ, ಭಂಡಾರದಲ್ಲಿ ಏನಿದೆಯೆಂದು ತಿಳಿಯದೆ ಸಂಶೋಧನೆಯೂ ಹಾಗೆಯೇ ಸಾಗದು. ಕಾಶಿಯಲ್ಲಿಯೋ ಕೊಲ್ಲಾಪುರದಲ್ಲಿಯೋ ಕುಳಿತ ಪಂಡಿತನು ತನಗೆ ಬೇಕಾದ ಗ್ರಂಥವು ತುಳುನಾಡಿನ ಯಾವ ಬಸದಿಯಲ್ಲಿದೆಯೆಂದು ಆ ಬಳಿಕವೇ ಸುಲಭವಾಗಿ ಅರಿಯುವಂತಾಯಿತು.

ಕೊಲ್ಲಾಪುರವೆಂದೊಡನೆ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ನೆನಪಾಗುವುದು ಸಹಜ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತದ ಪ್ರಾಧ್ಯಾಪಕರಾಗಿದ್ದ ಈ ಮಹನೀಯರು ಡಾ. ಹೀರಾಲಾಲರ ಜೊತೆಗೆ ಮೂರ್ತಿದೇವಿ ಗ್ರಂಥಮಾಲೆಯ ಪ್ರಧಾನ ಸಂಪಾದಕರಾಗಿದ್ದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ, 1971ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಪ್ರಥಮ ಪ್ರಾಧ್ಯಾಪಕರಾದವರೂ ಅವರೇ. ಸೇಠರ ಹಣ, ಉಪಾಧ್ಯೆಯವರ ಪಾಂಡಿತ್ಯ ಇವೆರಡರ ಮಿಲನದಿಂದ ಗೋಮ್ಮಟಸಾರದ ಕನ್ನಡ ವೃತ್ತಿಯು ಬೆಳಕಿಗೆ ಬಂದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯುವುದು ಉಚಿತ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ಬರೆದ ಗೋಮ್ಮಟಸಾರವು ಸಿದ್ಧಾಂತದ ತಿರುಳು. ವಿಜಯನಗರದಲ್ಲಿ ಬುಕ್ಕರಾಯನು ಆಳುತ್ತಿದ್ದ ಕಾಲದಲ್ಲಿ, 1359ರಲ್ಲಿ, ಅಭಯಸೂರಿಗಳ ಶಿಷ್ಯನಾದ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ರಚಿಸಿದನು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು 1368ರಲ್ಲಿ ನ್ಯಾಯಸಮ್ಮತವಾಗಿ ತೀರ್ಮಾನಿಸಿ ಶ್ರವಣಬೆಳಗೊಳದ ಶಾಸನದಲ್ಲಿ ಚಿರಸ್ಥಾಯಿಯಾದ ಬುಕ್ಕರಾಯನೇ ಇವನು. ತರುವಾಯ ಬಂದ ಇನ್ನೊಬ್ಬ ನೇಮಿಚಂದ್ರರು ಈ ಕನ್ನಡ ವೃತ್ತಿಯನ್ನು ಅನುಸರಿಸಿ ಅದೇ ಹೆಸರಿನಿಂದ ಸಂಸ್ಕೃತ ಟೀಕೆಯನ್ನು ಬರೆದರು. ಆ ಸಂಸ್ಕೃತವನ್ನು ಆಧರಿಸಿ ಜಯಪುರದ ಪಂಡಿತ ಟೋಡರಮಲ್ಲರು 1761ರ ಹೊತ್ತಿಗೆ ತಮ್ಮ ದೇಶಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಮುಗಿಸಿದರು. ಹೀಗಾಗಿ ಉತ್ತರದ ಶ್ರಾವಕರು ಇನ್ನೂರು ವರ್ಷಗಳಿಂದ ಸ್ವಾಧ್ಯಾಯ ಮಾಡುತ್ತ ಬಂದ ಗೋಮ್ಮಟಸಾರದ ಅರ್ಥವು ಕನ್ನಡದ ಮನೆಯಿಂದ ಹೋದುದೇ ಆಗಿದೆ. ಆದರೆ ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ತಪ್ಪು ತಿಳಿವಳಿಕೆಯು ಬಹುಕಾಲ ಪ್ರಚಲಿತವಾಗಿದ್ದಿತು. ಹಸ್ತಪ್ರತಿಗಳನ್ನು ಹೋಲಿಸಿ, ಮೂಲವು ಕನ್ನಡದ್ದು, ಸಂಸ್ಕೃತವು ಅದರ ಅನುಸರಣೆ ಎಂದು ಸಿದ್ಧಪಡಿಸಿದವರು ಉಪಾಧ್ಯೆಯವರು. ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳೊಂದಿಗೆ ಅವರು ಕೈಗೊಂಡ ಸಂಪಾದನೆಯಲ್ಲಿ ಕೇಶವವರ್ಣಿಯ ಕನ್ನಡವು ನಾಗರೀ ಲಿಪಿಯನ್ನು ಧರಿಸಿ ಸಂಸ್ಕೃತ ಟೀಕೆಯ ಜೊತೆಜೊತೆಗೆ ಅಚ್ಚಾಗಲು ಸಿದ್ಧವಾಯಿತು. ಅದು ಹೊರಬಂದುದು ಯಾವಾಗ ಎಂಬುದನ್ನು ಮುಂದೆ ನೋಡಬಹುದು.

ಜ್ಞಾನಪೀಠವೆಂದರೆ ಇಂದಿನ ಜನಕ್ಕೆ ಪ್ರಶಸ್ತಿಯೇ ಮೊದಲು ನೆನಪಾಗುತ್ತದೆ. ಮೇಲೆ ಹೇಳಿದ ಕಾರ್ಯವೆಲ್ಲವೂ ಅದರ ಹಿಂದೆ ಮರೆಯಾಗಿದೆ. 1961ರ ಮೇ 22ರಂದು ಸಾಹುಜಿಯವರಿಗೆ ಐವತ್ತು ವರ್ಷ ತುಂಬಿದಾಗ, ರಾಷ್ಟ್ರದ ಘನತೆಗೆ ಒಪ್ಪುವಂತಹ ಸಾಂಸ್ಕೃತಿಕ ಕಾರ್ಯವೊಂದನ್ನು ಮಾಡಬೇಕೆಂಬ ಆಲೋಚನೆ ಮನೆಯವರಲ್ಲಿ ಮೂಡಿತು. ಭಾರತೀಯ ಭಾಷೆಗಳೆಲ್ಲವನ್ನೂ ಒಟ್ಟಿಗೆ ತೂಗಿ ಅತ್ಯುತ್ತಮ ಕೃತಿಗೆ ಪುರಸ್ಕಾರ ಕೊಡುವ ಪ್ರಸ್ತಾಪವನ್ನು ರಮಾ ಜೈನರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಧರ್ಮದರ್ಶಿಗಳ ಮುಂದಿಟ್ಟರು. ಪ್ರಶಸ್ತಿಯ ಮೊತ್ತ ಒಂದು ಲಕ್ಷ ರೂಪಾಯಿ. ಆ ಕಾಲಕ್ಕೆ ಅದು ಕವಿಯೊಬ್ಬನು ಕನಸಿನಲ್ಲಿಯೂ ಕಾಣದ ಮೊತ್ತ. ಆದರೆ ಹಣಕ್ಕಿಂತ ಕಠಿಣವಾದುದು ತೂಗುವ ಬಗೆ. ತಮಿಳಿನ ಕಾವ್ಯವನ್ನೂ ಬಂಗಾಳಿಯ ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿ ಯಾರು ತೂಗಬಲ್ಲರು? ಶಾಂತಿಪ್ರಸಾದರು ತರಾತುರಿ ಮಾಡಲಿಲ್ಲ. 1962ರ ಏಪ್ರಿಲ್ 2ರಂದು ದೆಹಲಿಯಲ್ಲಿ ಎಲ್ಲ ಭಾಷೆಗಳ ಸುಮಾರು ಮುನ್ನೂರು ಸಾಹಿತಿಗಳನ್ನು ಕರೆಯಿಸಿ ಯೋಜನೆಯನ್ನು ಅವರ ಚರ್ಚೆಗೆ ಒಡ್ಡಲಾಯಿತು. ಪ್ರತಿಯೊಂದು ಭಾಷೆಗೂ ಒಂದು ಸಲಹಾ ಸಮಿತಿ, ಅವುಗಳ ಮೇಲೆ ಪ್ರವರ ಪರಿಷತ್ತು, ಪ್ರಶಸ್ತಿ ಪಡೆದ ಭಾಷೆಗೆ ಮುಂದಿನ ಕೆಲವು ವರ್ಷ ವಿರಾಮ ಎಂಬ ನಿಯಮಗಳು ಏರ್ಪಟ್ಟವು. ಪ್ರವರ ಪರಿಷತ್ತಿನ ಮೊದಲ ಸಭೆಗೆ ಡಾ. ರಾಜೇಂದ್ರ ಪ್ರಸಾದರು ಅಧ್ಯಕ್ಷತೆ ವಹಿಸಬೇಕಿತ್ತು. ಅದಕ್ಕೆ ಕೆಲವೇ ದಿನ ಮೊದಲು, 1963ರ ಫೆಬ್ರವರಿ 28ರಂದು, ಅವರು ದಿವಂಗತರಾದರು. ಕಾಕಾ ಕಾಲೇಲ್ಕರರು ಸಭೆಯನ್ನು ನಡೆಸಿಕೊಟ್ಟರು.

1965ನೆಯ ಸಾಲಿನ ಪ್ರಥಮ ಪ್ರಶಸ್ತಿಯು ಮಲಯಾಳದ ಜಿ. ಶಂಕರ ಕುರುಪ್ ಅವರ ಓಡಕ್ಕುಳಲ್ ಕವಿತಾ ಸಂಗ್ರಹಕ್ಕೆ ಸಂದಿತು. 1966ರ ನವೆಂಬರ್ 19ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಅದನ್ನು ಸಮರ್ಪಿಸಲಾಯಿತು. ಪ್ರಶಸ್ತಿಯನ್ನು ಸ್ಥಾಪಿಸಿದ ಮನೆತನವು ಜೈನ, ಭಾಷೆ ಹಿಂದಿ. ಹೀಗಿದ್ದೂ ಮೊದಲ ಪ್ರಶಸ್ತಿಯು ಮಲಯಾಳಕ್ಕೆ, ಎರಡನೆಯದು ಬಂಗಾಳಿಗೆ, ಮೂರನೆಯದು ಕನ್ನಡ ಗುಜರಾತಿಗಳಿಗೆ ಜಂಟಿಯಾಗಿ ಹೋಯಿತು. ಹಿಂದಿಗೆ ಸರದಿ ಬಂದುದು ಆ ಬಳಿಕ. ಕುವೆಂಪುರವರ ಶ್ರೀ ರಾಮಾಯಣ ದರ್ಶನಂ 1967ನೆಯ ಸಾಲಿನಲ್ಲಿ, ಬೇಂದ್ರೆಯವರ ನಾಕು ತಂತಿ 1973ರಲ್ಲಿ, ಶಿವರಾಮ ಕಾರಂತರ ಮೂಕಜ್ಜಿಯ ಕನಸುಗಳು 1977ರಲ್ಲಿ ಪುರಸ್ಕೃತವಾದವು. ಇವುಗಳಲ್ಲಿ ಯಾವುದೂ ಜೈನ ಗ್ರಂಥವಲ್ಲವೆಂಬುದನ್ನು ಗಮನಿಸಬೇಕು. ಪುರಸ್ಕೃತರಿಗೆ ಕೊಡುವ ವಾಗ್ದೇವಿಯ ಕಂಚಿನ ಪ್ರತಿಮೆಯು ಮಾಳವದ ಧಾರಾನಗರದ, ಭೋಜರಾಜನ ಕಾಲದ ಶಿಲ್ಪವೊಂದರ ಪ್ರತಿಕೃತಿ. ಮೂಲಶಿಲ್ಪವು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪೀಠದ ಬರಹವನ್ನು ಪರಿಶೀಲಿಸಿದ ವಿದ್ವಾಂಸರು ಅದು ಜಿನಶಾಸನದೇವಿಯಾದ ಅಂಬಿಕೆಯ ಮೂರ್ತಿಯೆಂದು ಈಚೆಗೆ ನಿರ್ಣಯಿಸಿರುವುದು ಒಂದು ಸ್ವಾರಸ್ಯ. ಪ್ರತಿಮೆಯನ್ನು ಆರಿಸಿದ ದಿನಗಳಲ್ಲಿ ಅದು ಸರಸ್ವತಿಯೆಂದೇ ಎಲ್ಲರ ನಂಬಿಕೆಯಾಗಿತ್ತು.

ಸಾಹು ಜೈನ್ ಟ್ರಸ್ಟಿನ ಮೂಲಕ ವಿದ್ಯಾರ್ಥಿಗಳಿಗೆ ವೇತನ, ಹುಟ್ಟೂರಾದ ನಜೀಬಾಬಾದಿನಲ್ಲಿ ಕಾಲೇಜು, ತೀರ್ಥಕ್ಷೇತ್ರಗಳ ಜೀರ್ಣೋದ್ಧಾರ, ದೇವಗಢದಲ್ಲಿ ಚದುರಿಬಿದ್ದ ಜಿನಬಿಂಬಗಳಿಗೆ ಸಂಗ್ರಹಾಲಯ ಮೊದಲಾದ ಕಾರ್ಯಗಳೂ ನಡೆದವು. ಭಗವಾನ್ ಮಹಾವೀರರ ಜನ್ಮಭೂಮಿಯಾದ ವೈಶಾಲಿಯಲ್ಲಿ ಪ್ರಾಕೃತ, ಜೈನಶಾಸ್ತ್ರ ಮತ್ತು ಅಹಿಂಸಾ ಸಂಶೋಧನ ಸಂಸ್ಥೆಗೆ 1956ರಲ್ಲಿ ರಾಷ್ಟ್ರಪತಿಗಳು ಶಿಲಾನ್ಯಾಸ ಮಾಡಿದಾಗ ಅದರ ಹಿಂದಿದ್ದ ದೊಡ್ಡ ದಾನವೂ ಶಾಂತಿಪ್ರಸಾದರದೇ.

ಇಷ್ಟನ್ನು ಹೇಳಿ ಉಳಿದುದನ್ನು ಮರೆಮಾಚುವುದು ಸತ್ಯವ್ರತಕ್ಕೆ ಸಲ್ಲದು. ದಾಲ್ಮಿಯಾ-ಜೈನ್ ಸಮೂಹದ ಕಂಪನಿಗಳ ವ್ಯವಹಾರವನ್ನು ವಿಚಾರಿಸಲು ಕೇಂದ್ರ ಸರ್ಕಾರವು 1956ರ ಡಿಸೆಂಬರಿನಲ್ಲಿ ಆಯೋಗವೊಂದನ್ನು ನೇಮಿಸಿತು. ಮೊದಲು ನ್ಯಾಯಮೂರ್ತಿ ತೆಂಡೋಲ್ಕರರು, ಆ ಬಳಿಕ ನ್ಯಾಯಮೂರ್ತಿ ವಿವಿಯನ್ ಬೋಸರು ಅದರ ಅಧ್ಯಕ್ಷರಾದರು. 1962ರಲ್ಲಿ ಸಲ್ಲಿಸಿದ ವರದಿಯಲ್ಲಿ ಬೋಸ್ ಆಯೋಗವು ಸಮೂಹದ ಪ್ರಮುಖರು ಷೇರುದಾರರ ಹಣವನ್ನು ನಿರ್ವಹಿಸಿದ ರೀತಿಯನ್ನು ಕಠಿಣವಾಗಿ ಟೀಕಿಸಿತು. ಶಾಂತಿಪ್ರಸಾದರ ಹೆಸರೂ ಆ ವರದಿಯಲ್ಲಿ ಬಂದಿದೆ. 1969ರ ಆಗಸ್ಟಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಟೈಮ್ಸ್ ಪತ್ರಿಕೆಯ ಕಂಪನಿಯ ಆಡಳಿತ ಮಂಡಳಿಯನ್ನು ಪುನಾರಚಿಸಲಾಯಿತು. 1976ರ ತನಕ ಅದು ಮನೆತನದ ಹತೋಟಿಗೆ ಮರಳಲಿಲ್ಲ.

ಅವರ ದಾನವು ಈ ಕಳಂಕವನ್ನು ತೊಳೆಯಲೆಂದೇ ಮಾಡಿದ್ದೆಂದು ಹೇಳುವವರಿದ್ದಾರೆ. ಇಸವಿಗಳು ಆ ಮಾತನ್ನು ಒಪ್ಪುವುದಿಲ್ಲ. ಜ್ಞಾನಪೀಠವು ಆಯೋಗಕ್ಕಿಂತ ಹನ್ನೆರಡು ವರ್ಷ ಹಿರಿದು. ಮಹಾಬಂಧದ ಮೊದಲ ಸಂಪುಟವು ಒಂಬತ್ತು ವರ್ಷ ಹಿರಿದು. ಹಾಗೆಂದು ದಾನವು ಮಹತ್ತಾದುದರಿಂದ ವ್ಯಾಪಾರದ ಲೆಕ್ಕವನ್ನು ಕೇಳಬಾರದೆನ್ನುವ ವಾದವೂ ಸರಿಯಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಏರುಪೇರನ್ನೂ ಸೇರಿಸಿದ ಆಚಾರ್ಯರು ವರ್ತಕರನ್ನು ಚೆನ್ನಾಗಿ ಬಲ್ಲವರಾಗಿದ್ದರು. ವ್ಯಾಪಾರದ ಖಾತೆ ಬೇರೆ, ಧರ್ಮದ ಖಾತೆ ಬೇರೆ. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ವಜಾ ಹಾಕುವ ಪದ್ಧತಿ ಕರ್ಮಸಿದ್ಧಾಂತದಲ್ಲಿಲ್ಲ. ಗಮನಾರ್ಹವಾದ ಸಂಗತಿಯೆಂದರೆ, ಕಂಪನಿಗಳ ಮೇಲೆ ಇಷ್ಟೆಲ್ಲ ಬಿರುಗಾಳಿ ಬೀಸುತ್ತಿದ್ದ ವರ್ಷಗಳಲ್ಲಿಯೂ ಪುಸ್ತಕಗಳ ಮುದ್ರಣವು ನಿಲ್ಲಲಿಲ್ಲ, ಪ್ರಶಸ್ತಿಯು ತಪ್ಪಲಿಲ್ಲ. ಕ್ಷುಲ್ಲಕ ಜಿನೇಂದ್ರ ವರ್ಣಿಯವರ ಜೈನೇಂದ್ರ ಸಿದ್ಧಾಂತ ಕೋಶದ ನಾಲ್ಕು ಬೃಹತ್ ಸಂಪುಟಗಳು ಪ್ರಕಟವಾದುದು 1970ರಿಂದ 1973ರವರೆಗಿನ ಈ ಕಷ್ಟಕಾಲದಲ್ಲಿಯೇ.

1974-75ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವು ರಾಷ್ಟ್ರಾದ್ಯಂತ ಜರುಗಿತು. ಅದರ ನಿರ್ವಹಣೆಯಲ್ಲಿ ಸಾಹುಜಿಯವರು ಹಗಲಿರುಳು ಶ್ರಮಿಸಿದರು. ಶ್ರೀ ಅಮಲಾನಂದ ಘೋಷರ ಸಂಪಾದನೆಯಲ್ಲಿ ಜೈನ ಕಲೆ ಮತ್ತು ವಾಸ್ತುಶಿಲ್ಪವನ್ನು ಕುರಿತ ಮೂರು ಸಂಪುಟಗಳನ್ನು ಜ್ಞಾನಪೀಠವು ಆ ಸಂದರ್ಭದಲ್ಲಿ ಹೊರತಂದಿತು. ಸಮಾಜವು ಅವರನ್ನು ದಾನವೀರ, ಶ್ರಾವಕಶಿರೋಮಣಿ ಎಂಬ ಬಿರುದುಗಳಿಂದ ಗೌರವಿಸಿತು. ಆದರೆ ಉತ್ಸವದ ಸಂಭ್ರಮದ ಬೆನ್ನಿಗೇ ದುಃಖವೂ ಬಂದಿತು. 1975ರಲ್ಲಿ ರಮಾ ಜೈನರು ಸ್ವರ್ಗಸ್ಥರಾದರು. ಮೂರು ದಶಕಗಳ ಕಾಲ ಸಂಸ್ಥೆಯ ಅಧ್ಯಕ್ಷೆಯಾಗಿ ಪ್ರತಿಯೊಂದು ಯೋಜನೆಯನ್ನೂ ಸ್ವತಃ ನೋಡಿಕೊಂಡಿದ್ದ ಆ ಸಾಧ್ವಿಯ ಅಗಲಿಕೆಯ ನಂತರ ಶಾಂತಿಪ್ರಸಾದರೂ ಬಹುಕಾಲ ಉಳಿಯಲಿಲ್ಲ. ಡಾ. ಹೀರಾಲಾಲರು 1973ರಲ್ಲಿಯೂ, ಡಾ. ಉಪಾಧ್ಯೆಯವರು 1975ರಲ್ಲಿಯೂ ಗತಿಸಿದ್ದರು. 1977ರ ಅಕ್ಟೋಬರ್ 27ರಂದು ಸಾಹು ಶಾಂತಿಪ್ರಸಾದ ಜೈನರು ದೇಹತ್ಯಾಗ ಮಾಡಿದರು. ಅದೇ ಮನೆತನದ ಹಿರಿಯರಾದ ಸಾಹು ಶ್ರೇಯಾಂಸಪ್ರಸಾದ ಜೈನರು ಜ್ಞಾನಪೀಠದ ಹೊಣೆಯನ್ನು ವಹಿಸಿಕೊಂಡರು. 1981ರಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಮುಂದಾಳುಗಳಾಗಿ ಕರ್ನಾಟಕದ ಶ್ರಾವಕರಿಗೆ ಸುಪರಿಚಿತರಾದವರು ಇವರೇ.

ದಾಲ್ಮಿಯಾನಗರದ ರೋಹ್ತಾಸ್ ಕಾರ್ಖಾನೆಗಳು 1984ರಲ್ಲಿ ಬಾಗಿಲು ಮುಚ್ಚಿದವು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಚಿಮಣಿಗಳು ತಣ್ಣಗಾದವು. ಕೆಲಸಗಾರರ ಬಾಕಿಯ ವ್ಯಾಜ್ಯವು ಬಹುಕಾಲ ನ್ಯಾಯಾಲಯಗಳಲ್ಲಿ ಅಲೆದಾಡಿತು. ವಿಶ್ವಸ್ತ ನಿಧಿಯಾಗಿ ಬೇರ್ಪಟ್ಟಿದ್ದ ಜ್ಞಾನಪೀಠವು ಮಾತ್ರ ಕಾಶಿಯಿಂದ ದೆಹಲಿಗೆ ನೆಲೆಯನ್ನು ಬದಲಿಸಿಕೊಂಡು ನಡೆಯುತ್ತಲೇ ಹೋಯಿತು. ಪ್ರಶಸ್ತಿಯ ಮೊತ್ತವು ಹಂತಹಂತವಾಗಿ ಹನ್ನೊಂದು ಲಕ್ಷಕ್ಕೆ ಏರಿದೆ. ಮೊದಲ ಮೂವರ ಬಳಿಕ ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರರೂ ಸೇರಿ 2010ನೆಯ ಸಾಲಿನವರೆಗೆ ಎಂಟು ಮಂದಿ ಕನ್ನಡಿಗರು ಅದನ್ನು ಪಡೆದರು. ತಾಯಿಯವರ ಹೆಸರಿನಲ್ಲಿ 1983ರಲ್ಲಿ ಸ್ಥಾಪಿತವಾದ ಮೂರ್ತಿದೇವಿ ಪುರಸ್ಕಾರದ ಮೊದಲ ಗೌರವವು ಸಂದದ್ದೂ ಕನ್ನಡಕ್ಕೇ. ಹೊಯ್ಸಳ ರಾಣಿಯೂ ಪರಮ ಜಿನಭಕ್ತೆಯೂ ಆದ ಶಾಂತಲೆಯನ್ನು ಕುರಿತ ಪಟ್ಟಮಹಾದೇವಿ ಶಾಂತಲಾದೇವಿ ಎಂಬ ಬೃಹತ್ ಕಾದಂಬರಿಗಾಗಿ ಶ್ರೀ ಸಿ. ಕೆ. ನಾಗರಾಜರಾಯರು ಅದನ್ನು ಸ್ವೀಕರಿಸಿದರು.

ಗೋಮ್ಮಟಸಾರದ ಕನ್ನಡ ವೃತ್ತಿಯ ಮೊದಲ ಸಂಪುಟವು ಹೊರಬಂದುದು 1978ರಲ್ಲಿ. ಆಗ ಸಂಪಾದಕರಾದ ಉಪಾಧ್ಯೆಯವರೂ ಇರಲಿಲ್ಲ, ಹಣ ಕೊಟ್ಟ ಶಾಂತಿಪ್ರಸಾದರೂ ಇರಲಿಲ್ಲ, ಅಧ್ಯಕ್ಷೆ ರಮಾ ಜೈನರೂ ಇರಲಿಲ್ಲ. ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳೊಬ್ಬರೇ ಕುಳಿತು ಕರಡಚ್ಚು ತಿದ್ದಿ ಕಾರ್ಯವನ್ನು ದಡ ಮುಟ್ಟಿಸಿದರು. ಜೀವಕಾಂಡಕ್ಕೆ ಎರಡು, ಕರ್ಮಕಾಂಡಕ್ಕೆ ಎರಡು, ಹೀಗೆ ನಾಲ್ಕು ಸಂಪುಟಗಳಲ್ಲಿ, ಬುಕ್ಕರಾಯನ ಕಾಲದ ಕೇಶವವರ್ಣಿಯ ಕನ್ನಡವು ಆರುನೂರ ಇಪ್ಪತ್ತೆರಡು ವರ್ಷಗಳ ಬಳಿಕ, 1981ರಲ್ಲಿ, ಪೂರ್ತಿಯಾಗಿ ಅಚ್ಚಾಯಿತು.